ಚಿತ್ರದ ಹಿಂಬದಿಯ ಹೆಸರುಗಳು

ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲೋ ಹಳೆಯ ಭಾವಚಿತ್ರಗಳ ಒಂದು ಕಟ್ಟು ಇದ್ದೀತು. ಮದುವೆಯದು ಒಂದು, ಮಕ್ಕಳ ಪ್ರಥಮ ಪರಮಪ್ರಸಾದದ್ದು ಇನ್ನೊಂದು, ಕಂದುಬಣ್ಣಕ್ಕೆ ತಿರುಗಿ ಅಂಚು ಮುರಿದ ನಾಲ್ಕಾರು. ಒಂದು ಸಂಜೆ ಬಿಡುವು ಮಾಡಿಕೊಂಡು ಅದನ್ನು ಬಿಚ್ಚಿ ನೋಡಿ. ಮುಖಗಳು ಸ್ಪಷ್ಟವಾಗಿಯೇ ಇರುತ್ತವೆ. ಆದರೆ ಪಕ್ಕದಲ್ಲಿ ಕುಳಿತ ಮೊಮ್ಮಗು "ಇವರು ಯಾರು?" ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಮನೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆ?

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಕೆಲವು ತಿಂಗಳ ಹಿಂದೆ. ಭಾನುವಾರದ ಎರಡನೆಯ ಪೂಜೆ ಮುಗಿದ ಮೇಲೆ ಹಲಸೂರು ಕಡೆಯ ಹಿರಿಯ ತಾಯಿಯೊಬ್ಬರು ನನ್ನ ಬಳಿ ಬಂದರು. ವಯಸ್ಸು ಎಂಬತ್ತು ದಾಟಿದೆ. ಕೈಚೀಲದಿಂದ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ್ದ ಒಂದು ಚಿತ್ರವನ್ನು ತೆಗೆದು, "ಸ್ವಾಮಿ, ಇದರ ಹಿಂದೆ ಇಂಗ್ಲಿಷಿನಲ್ಲಿ ಏನೋ ಬರೆದಿದೆ, ಓದಿ ಹೇಳ್ತೀರಾ?" ಎಂದರು.

ದಪ್ಪ ರಟ್ಟಿಗೆ ಅಂಟಿಸಿದ ಚಿತ್ರ. ಹೆಂಚಿನ ಮಾಡು, ಮುಂದೆ ಮರದ ಪಟ್ಟಿಗಳ ಮಂಕಿಟಾಪ್ ಇರುವ ಬಂಗಲೆ. ನಮ್ಮ ದಂಡು ಪ್ರದೇಶದ ಹಳಬರು ಅದನ್ನು ಕಂಡೊಡನೆ ಗುರುತಿಸಬಲ್ಲರು. ಮೊಗಸಾಲೆಯ ಮುಂದೆ ಕುರ್ಚಿಗಳ ಮೇಲೆ ಒಬ್ಬ ಸೇನಾಧಿಕಾರಿ, ಆತನ ಪತ್ನಿ, ಇಬ್ಬರು ಮಕ್ಕಳು, ಕಾಲಬಳಿ ಒಂದು ನಾಯಿ. ಅವರ ಹಿಂದೆ ನಿಂತವರು ಆರು ಜನ: ರುಮಾಲು ಸುತ್ತಿದ ಬಟ್ಲರ್, ಕೈಗೂಸನ್ನು ಎತ್ತಿಕೊಂಡ ಆಯಾ, ಅಡಿಗೆಯವನು, ಮಾಲಿ, ನೀರು ಹೊರುವವನು, ಬಲತುದಿಯಲ್ಲಿ ಕುದುರೆಯ ಕಡಿವಾಣ ಹಿಡಿದ ಒಬ್ಬ ಹುಡುಗ. ಹಿಂಬದಿಯ ಬರಹವನ್ನು ನಾನು ಓದಿದೆ. ಸಾಹೇಬರ ಹೆಸರು ಮತ್ತು ಪದವಿ, ಅವರ ಪತ್ನಿಯ ಹೆಸರು, ಮಕ್ಕಳ ಹೆಸರು, ನಾಯಿಯ ಹೆಸರು. ಕೊನೆಯ ಸಾಲಿನಲ್ಲಿ, 'ಮತ್ತು ಆಳುಗಳು' ಎಂಬ ಅರ್ಥದ ಎರಡು ಪದ.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಯಿ ಹೆಸರೂ ಬರೆದಿದ್ದಾರಾ ಸ್ವಾಮಿ?" ಎಂದರು. ಆಮೇಲೆ ರುಮಾಲಿನವರ ಮೇಲೆ ಬೆರಳಿಟ್ಟು, "ಇವರು ನಮ್ಮ ತಾತ. ಕೂಸು ಎತ್ತಿಕೊಂಡಿದ್ದಾರಲ್ಲ, ಅವರು ತಾತನ ಅಕ್ಕ" ಎಂದರು. ಸಾಹೇಬರು ಊರಿಗೆ ಮರಳುವಾಗ ಬಟ್ಲರನಿಗೆ ನೆನಪಿಗೆಂದು ಕೊಟ್ಟುಹೋದ ಪ್ರತಿ ಅದು. ಉಳಿದ ನಾಲ್ವರು ಯಾರೆಂಬುದು ಅವರ ತಾಯಿಗೆ ಗೊತ್ತಿತ್ತು, ಇವರಿಗೆ ಗೊತ್ತಿಲ್ಲ.

ಈ ಒಂದು ಚಿತ್ರದಲ್ಲಿ ನಮ್ಮ ಪೂರ್ವ ಬೆಂಗಳೂರಿನ ಇಡೀ ಚರಿತ್ರೆ ಅಡಗಿದೆ ಎಂದು ನನಗೆ ಅನಿಸಿತು. ಆ ಚರಿತ್ರೆಯನ್ನು ಸ್ವಲ್ಪದರಲ್ಲಿ ನೆನಪಿಸಿಕೊಳ್ಳೋಣ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಜ್ವರದಿಂದ ನರಳುತ್ತಿದ್ದ ತಮ್ಮ ಪಡೆಯನ್ನು ಬ್ರಿಟಿಷರು 1809ರಲ್ಲಿ ಬೆಂಗಳೂರಿಗೆ ತಂದರು. ಹಲಸಿನ ತೋಪಿನಿಂದ ಹೆಸರು ಪಡೆದ ಹಲಸೂರಿನ ಪಕ್ಕದ ಬಯಲು ದಂಡಾಯಿತು. ರೈಲು ನಿಲ್ದಾಣದ ಫಲಕದ ಮೇಲೆ ಇಂದಿಗೂ 'ಬೆಂಗಳೂರು ದಂಡು' ಎಂದೇ ಇದೆ. ಕ್ಯಾಂಟೋನ್ಮೆಂಟ್ ಎಂಬ ಉದ್ದದ ಪದಕ್ಕಿಂತ ನಮ್ಮ ಹಿರಿಯರ ಈ ಎರಡಕ್ಷರ ಎಷ್ಟು ಚೆಂದ! ದಂಡಿನ ನಕ್ಷೆ ಹಾಕಿದವರು ಜಾನ್ ಬ್ಲಾಕಿಸ್ಟನ್ ಎಂಬ ಇಂಜಿನಿಯರು. ಇಂದಿನ ಶಿವಾಜಿನಗರಕ್ಕೆ ಹಿಂದೆ ಇದ್ದ ಬ್ಲಾಕ್‌ಪಳ್ಳಿ ಎಂಬ ಹೆಸರು ಅವರಿಂದಲೇ ಬಂತೆಂದು ಕೆಲವರು, 'ಬಿಳಿ ಅಕ್ಕಿ ಪಳ್ಳಿ' ಎಂಬ ಮಾತೇ ಸವೆದು ಹಾಗಾಯಿತೆಂದು ಇನ್ನು ಕೆಲವರು ಹೇಳುತ್ತಾರೆ. ಅನ್ನದ ಕಥೆಯ ಕಡೆಗೇ ನನ್ನ ಒಲವು. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗ ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಹಿಂದಿರುಗಿ, 1949ರಲ್ಲಿ ಪೇಟೆ ಮತ್ತು ದಂಡು ಎರಡೂ ಒಂದೇ ಕಾರ್ಪೊರೇಷನ್ನಿನ ಅಡಿಗೆ ಬರುವವರೆಗೆ ಒಂದೇ ಊರಿನಲ್ಲಿ ಎರಡು ಆಡಳಿತಗಳಿದ್ದವು.

ದಂಡೆಂದರೆ ಸೈನಿಕರು ಮಾತ್ರ ಎಂದು ಭಾವಿಸಬಾರದು. ಒಬ್ಬ ಅಧಿಕಾರಿಯ ಮನೆ ನಡೆಯಬೇಕಾದರೆ ಎಷ್ಟು ಕೈಗಳು ಬೇಕಾಗುತ್ತಿದ್ದವೆಂಬುದನ್ನು ಆ ತಾಯಿಯ ಚಿತ್ರವೇ ಹೇಳುತ್ತದೆ. ಅಡಿಗೆಯವರು, ಅಗಸರು, ದರ್ಜಿಗಳು, ಗಾರೆಯವರು, ಕುದುರೆ ಕಾಯುವವರು ಆರ್ಕಾಟಿನ ಕಡೆಯಿಂದ ಬಂದರು, ತೆಲುಗು ಸೀಮೆಯಿಂದ ಬಂದರು. ದೊಮ್ಮಲೂರು, ಬಿನ್ನಮಂಗಲ, ಬಾಣಸವಾಡಿ, ಹೆಣ್ಣೂರುಗಳ ಕನ್ನಡ ರೈತರು ಹಾಲು, ತರಕಾರಿ, ಹುಲ್ಲುಹೊರೆಗಳನ್ನು ಹೊತ್ತು ನಸುಕಿನಲ್ಲೇ ದಂಡಿನ ದಾರಿ ಹಿಡಿಯುತ್ತಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ ಉರ್ದು, ಸಂತೆಯಲ್ಲಿ ಕನ್ನಡ, ಸಾಹೇಬರ ಎದುರು ನಾಲ್ಕು ಮಾತು ಇಂಗ್ಲಿಷು. ನಮ್ಮ ಧರ್ಮಕೇಂದ್ರಗಳ ಹಲವು ಕುಟುಂಬಗಳ ಮೂಲ ಅಲ್ಲಿಯೇ ಇದೆ. ಬ್ಲಾಕ್‌ಪಳ್ಳಿಯಲ್ಲಿ ಅಬ್ಬೆ ದ್ಯುಬುವಾ ಅವರು ಕಟ್ಟಿಸಿದ ಕಾಣಿಕೆ ಮಾತೆಯ ಪುಟ್ಟ ಗುಡಿಯಲ್ಲಿ ಈ ಜನರೇ ಮೊಣಕಾಲೂರಿದರು. ಆ ಸ್ಥಳದಲ್ಲಿ ಫಾದರ್ ಕ್ಲೈನರ್ ಅವರು ಎತ್ತರದ ಗೋಪುರದ ದೇವಾಲಯವನ್ನು ಕಟ್ಟಿಸಿ 1882ರ ಸೆಪ್ಟೆಂಬರ್ 8ರಂದು ಅದರ ಅಭಿಷೇಕವಾದಾಗಲೂ ಕಲ್ಲು ಗಾರೆ ಹೊತ್ತವರು ಇಂಥವರೇ. ದೇವಾಲಯದ ಹಳೆಯ ಚಿತ್ರಗಳು ಬೇಕಾದಷ್ಟಿವೆ. ಹೊತ್ತವರ ಚಿತ್ರ ನನಗೆ ಸಿಕ್ಕಿಲ್ಲ.

ಬೆಂಗಳೂರಿಗೆ ಕ್ಯಾಮೆರಾ ಬಹಳ ಬೇಗ ಬಂತು. ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಇಲ್ಲಿದ್ದುಕೊಂಡೇ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋಗಿ ದೇವಾಲಯಗಳ ಚಿತ್ರ ತೆಗೆದರು. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವುಗಳಿಗೆ ಬಹುಮಾನವೂ ಬಂತು. ಆಮೇಲೆ ಬರ್ಮಾಕ್ಕೆ ಹೋಗಿ ತೆಗೆದ ಚಿತ್ರಗಳನ್ನು ಅಚ್ಚುಹಾಕಿದ್ದೂ ಈ ಬೆಂಗಳೂರಿನಲ್ಲಿಯೇ. ಅವರು ಬಳಸುತ್ತಿದ್ದುದು ಮೇಣ ಸವರಿದ ಕಾಗದದ ನೆಗೆಟಿವ್. ಅದರ ಮೇಲೆ ಬಿಂಬ ಮೂಡಬೇಕಾದರೆ ಮಸೂರವನ್ನು ಬಹಳ ಹೊತ್ತು ತೆರೆದಿಡಬೇಕು. ಅಷ್ಟು ಹೊತ್ತು ಕಲ್ಲು ಅಲುಗದು, ಮರವೂ ಹೆಚ್ಚು ಅಲುಗದು. ನಡೆದುಹೋಗುವ ಮನುಷ್ಯ ಮಾತ್ರ ಚಿತ್ರದಲ್ಲಿ ಉಳಿಯುವುದಿಲ್ಲ, ಉಳಿದರೂ ಮಸುಕು ಹೊಗೆಯಂತೆ ಉಳಿಯುತ್ತಾನೆ. ಆ ಕಾಲದ ಚಿತ್ರಗಳಲ್ಲಿ ಊರುಗಳೆಲ್ಲ ನಿರ್ಜನವಾಗಿ ಕಾಣುವುದಕ್ಕೆ ಇದೇ ಕಾರಣ. ತಲೆಯ ಮೇಲೆ ಹೊರೆ ಇಟ್ಟುಕೊಂಡು ನಡೆದವರಿಗೆ ನಿಲ್ಲಲು ಪುರುಸೊತ್ತಿರಲಿಲ್ಲ.

ಮುಂದೆ ಕ್ಯಾಮೆರಾಗಳು ಚುರುಕಾದವು. ಆಗ ಜನರು ಚಿತ್ರದೊಳಗೆ ಬಂದರು, ಆದರೆ ಬೇರೊಂದು ಬಗೆಯಲ್ಲಿ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ಭಾರತದ ಜನರ ಚಿತ್ರಗಳನ್ನು ಎಂಟು ಸಂಪುಟಗಳಲ್ಲಿ ಪ್ರಕಟಿಸಿತು. ಅಲ್ಲಿ ಜನರನ್ನು ಜಾತಿ, ಬುಡಕಟ್ಟು, ಕಸುಬುಗಳಂತೆ ವಿಂಗಡಿಸಲಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೌತ್ ಪೆರೇಡಿನ, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆಯ, ಹಿಗ್ಗಿನ್‌ಬಾಥಮ್ಸ್‌ನಂಥ ಅಂಗಡಿಗಳು ಬೆಂಗಳೂರಿನ ಚಿತ್ರಗಳಿರುವ ಅಂಚೆ ಕಾರ್ಡುಗಳನ್ನು ಮಾರಿದವು. ಹಲಸೂರು ಕೆರೆ, ಕಬ್ಬನ್ ಪಾರ್ಕು, ಟ್ರಿನಿಟಿ ಚರ್ಚು. ಕಟ್ಟಡಕ್ಕೆ ಹೆಸರಿತ್ತು, ಕೆರೆಗೆ ಹೆಸರಿತ್ತು. ಆ ಕಾಲದ ಕಾರ್ಡುಗಳಲ್ಲಿ ಮನುಷ್ಯನ ಚಿತ್ರ ಬಂದರೆ ಕೆಳಗೆ ಧೋಬಿ ಎಂದೋ ಆಯಾ ಎಂದೋ ಇರುತ್ತಿತ್ತು. ಆ ಧೋಬಿಯ ತಾಯಿ ಅವನನ್ನು ಏನೆಂದು ಕರೆಯುತ್ತಿದ್ದಳು ಎಂದು ಕೇಳಿದವರಿಲ್ಲ.

ಇದು ಆ ಕಾಲದ ರೀತಿ, ಅದಕ್ಕೆ ಯಾರನ್ನೂ ದೂರಬಾರದು ಎಂದು ನೀವು ಹೇಳಬಹುದು. ಹಾಗಾದರೆ ಅದಕ್ಕೂ ಹಿಂದಿನ ಕಾಲದ ರೀತಿಯನ್ನು ನೋಡಿ. ಹೆಬ್ಬಾಳದಲ್ಲಿ ದೊರೆತ ಒಂದು ವೀರಗಲ್ಲಿದೆ, ಸುಮಾರು ಕ್ರಿ.ಶ. 750ರದು; ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಅದನ್ನು ಗುರುತಿಸಿದ್ದಾರೆ. ಊರಿಗಾಗಿ ಕಾದಾಡಿ ಸತ್ತವನ ರೂಪವನ್ನು ಅದರ ಮೇಲೆ ಕೆತ್ತಿ, ಕಿತ್ತಯ್ಯ ಎಂಬ ಅವನ ಹೆಸರನ್ನೂ ಕೊರೆದಿದ್ದಾರೆ. ಅವನು ಅರಸನಲ್ಲ. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಕ್ಯಾಮೆರಾ ಇಲ್ಲದ ಕಾಲದಲ್ಲಿ, ಹಳ್ಳಿಯ ಕಲ್ಲುಕುಟಿಗನೊಬ್ಬ ಮುಖದ ಜೊತೆಗೆ ಹೆಸರು ಬರೆಯುವುದನ್ನು ಮರೆಯಲಿಲ್ಲ.

ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಫ್ರಿತ್ ಎಂಬವರಿದ್ದರು. ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಚಿತ್ರ ತೆಗೆದು ಹೆಸರಾದ ಮೇಲೆ, 1860ರಲ್ಲಿ ರೈಗೇಟ್ ಎಂಬ ಊರಿನಲ್ಲಿ ಸಂಸ್ಥೆಯೊಂದನ್ನು ತೆರೆದು, ತಮ್ಮ ನಾಡಿನ ಪ್ರತಿಯೊಂದು ಪಟ್ಟಣ, ಪ್ರತಿಯೊಂದು ಹಳ್ಳಿಯ ಚಿತ್ರ ತೆಗೆಯಬೇಕೆಂದು ಹೊರಟರು. ಅವರ ಸಂಗ್ರಹ ಇಂದಿಗೂ ಉಳಿದಿದೆ. ಅಲ್ಲಿಯ ಜನರು ತಮ್ಮ ಹಳ್ಳಿಯ ಚಿತ್ರವನ್ನು ಹುಡುಕಿ, ಅದಕ್ಕೆ ತಮ್ಮ ನೆನಪನ್ನು ಸೇರಿಸುತ್ತಾರೆ: ಈ ಅಂಗಡಿಯಲ್ಲಿ ನನ್ನ ಅಜ್ಜಿ ರೊಟ್ಟಿ ಮಾರುತ್ತಿದ್ದಳು, ಈ ಸೇತುವೆಯಿಂದ ನಾನು ಬಿದ್ದಿದ್ದೆ, ಎಂಬಂಥ ನೆನಪುಗಳನ್ನು. ದೊಡ್ಡ ಚರಿತ್ರೆ ಏನಲ್ಲ. ಆದರೆ ಬೀದಿಯ ಚಿತ್ರಕ್ಕೆ ಹೀಗೆ ಮನೆಯವರು ಸಿಗುತ್ತಾರೆ. ಅದೇ ನಾಡಿನವರು ಕಟ್ಟಿದ ನಮ್ಮ ದಂಡಿನ ಚಿತ್ರಗಳು ಲಂಡನ್ನಿನ ಸಂಗ್ರಹಾಲಯಗಳಲ್ಲಿವೆ, ಹರಾಜಿನ ಅಂಗಡಿಗಳಲ್ಲಿವೆ. ಅವುಗಳಿಗೆ ಸೇರಬೇಕಾದ ನೆನಪು ಹಲಸೂರಿನ, ಶಿವಾಜಿನಗರದ ಅಜ್ಜಿಯರ ಬಾಯಲ್ಲಿದೆ.

ಬಾಯಲ್ಲಿ ಮಾತ್ರವಲ್ಲ, ನಮ್ಮ ದೇವಾಲಯಗಳ ಕಪಾಟಿನಲ್ಲಿಯೂ ಇದೆ. ಇದನ್ನು ಸ್ವಲ್ಪ ವಿವರಿಸಬೇಕು. ಮದರಾಸು ಪ್ರಾಂತ್ಯದ ವ್ಯಾಪ್ತಿಯಲ್ಲಿದ್ದ ಯುರೋಪಿಯನ್ನರ ಜ್ಞಾನಸ್ನಾನ, ವಿವಾಹ, ಮರಣಗಳ ವಿವರವನ್ನು ನಕಲುಮಾಡಿ ಲಂಡನ್ನಿಗೆ ಕಳುಹಿಸುವ ಪದ್ಧತಿ ಇತ್ತು. ಆ ಕಡತಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದ್ದರಿಂದ ಸಾಹೇಬರ ಮೊಮ್ಮಕ್ಕಳ ಮೊಮ್ಮಕ್ಕಳು ಲಂಡನ್ನಿನಲ್ಲಿಯೇ ಕುಳಿತು ತಮ್ಮವರನ್ನು ಹುಡುಕಬಲ್ಲರು. ಬಟ್ಲರನ ಹೆಸರು ಎಲ್ಲಿಗೂ ನಕಲಾಗಲಿಲ್ಲ. ಅವನು ಕ್ರೈಸ್ತನಾಗಿದ್ದರೆ, ಅವನ ಹೆಸರು ಅವನಿಗೆ ಜ್ಞಾನಸ್ನಾನ ಕೊಟ್ಟ ದೇವಾಲಯದ ಪುಸ್ತಕದಲ್ಲಿ ಒಂದೇ ಕಡೆ, ಒಂದೇ ಸಲ ಇದೆ. ಬೆಳ್ಳಿಹುಳು ಆ ಪುಟವನ್ನು ತಿಂದರೆ ಮುಗಿಯಿತು.

ಆ ಪುಸ್ತಕಗಳನ್ನು ಓದುವುದೂ ಸುಲಭವಲ್ಲ. ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುಗಳು ಫ್ರೆಂಚರು, ಬರೆದದ್ದು ಲ್ಯಾಟಿನ್ನಿನಲ್ಲಿ. ಮನೆಯಲ್ಲಿ ರಾಯಪ್ಪ ಎಂದು ಕರೆಸಿಕೊಂಡವನು ಪುಸ್ತಕದಲ್ಲಿ ಪೇತ್ರುಸ್ ಆಗುತ್ತಾನೆ. ಚೌರಪ್ಪ ಝೇವಿಯರನಾಗುತ್ತಾನೆ, ಇನ್ನಾಸಪ್ಪ ಇಗ್ನಾಸಿಯುಸ್, ಅರುಳಪ್ಪ ಯೋಹಾನ್ನೆಸ್. ಚಿನ್ನಪ್ಪನದು ಸೊಗಸಾದ ಕಥೆ: ಪೌಲುಸ್ ಎಂಬ ಪದಕ್ಕೆ ಲ್ಯಾಟಿನ್ನಿನಲ್ಲಿ 'ಚಿಕ್ಕವನು' ಎಂಬ ಅರ್ಥವಿದೆ, ತಮಿಳಿನ 'ಚಿನ್ನ' ಎಂದರೂ ಚಿಕ್ಕದು. ಹಾಗೆ ಸಂತ ಪೌಲರು ನಮ್ಮ ಚಿನ್ನಪ್ಪನಾದರು. ಗುರುಮಠದಲ್ಲಿ ಬೇಸರದಿಂದ ಕಲಿತ ನಾಲ್ಕಕ್ಷರ ಲ್ಯಾಟಿನ್ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಈ ಪುಟಗಳ ಮುಂದೆಯೇ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ದಿನಾಂಕ. ಜ್ಞಾನಸ್ನಾನದ ಪುಸ್ತಕದಲ್ಲಿ 'ಮತ್ತು ಆಳುಗಳು' ಎಂದು ಬರೆಯಲು ಬರುವುದಿಲ್ಲ. ಪ್ರತಿ ಮಗುವಿಗೂ ಒಂದು ಹೆಸರು ಇರಲೇಬೇಕು.

ಇಷ್ಟೆಲ್ಲ ಹೇಳುವ ನಾನೇ ಒಂದು ತಪ್ಪು ಮಾಡಿದ್ದೇನೆ. ಗುರುವಾದ ಹೊಸದರಲ್ಲಿ, ನಾನು ಸಹಾಯಕ ಗುರುವಾಗಿದ್ದ ಧರ್ಮಕೇಂದ್ರವೊಂದರಲ್ಲಿ ಹಬ್ಬಕ್ಕೆ ಮುಂಚೆ ವಸ್ತ್ರಾಗಾರವನ್ನು ಶುಚಿಮಾಡಿಸಿದೆವು. ಕಪಾಟಿನ ತಳದಲ್ಲಿ ಹಳೆಯ ಗುಂಪುಚಿತ್ರಗಳ ಒಂದು ಕಟ್ಟು ಇತ್ತು: ಯಾವುದೋ ಸಭೆಯ ಸದಸ್ಯರು, ವಾದ್ಯಗೋಷ್ಠಿಯವರು, ತೇರಿನ ಮುಂದೆ ನಿಂತ ಯುವಕರು. ಗೆದ್ದಲು ಹಿಡಿದಿತ್ತು. "ಇವರನ್ನು ಯಾರಾದರೂ ಬಲ್ಲಿರಾ?" ಎಂದು ಅಲ್ಲಿದ್ದ ಹುಡುಗರನ್ನು ಕೇಳಿದೆ. ಯಾರೂ ಅರಿಯರು. "ಹಾಗಾದರೆ ತೆಗೆದುಹಾಕಿ" ಎಂದೆ. ಬೀದಿಯಾಚೆಯ ಮನೆಯಲ್ಲಿ ತೊಂಬತ್ತು ವರ್ಷದ ಮಾಜಿ ಉಪದೇಶಿಯೊಬ್ಬರು ಹಾಸಿಗೆ ಹಿಡಿದು ಮಲಗಿದ್ದರು. ಪ್ರತಿ ತಿಂಗಳ ಮೊದಲ ಶುಕ್ರವಾರ ನಾನೇ ಅವರಿಗೆ ಪರಮಪ್ರಸಾದ ಒಯ್ಯುತ್ತಿದ್ದೆ. ಅವರನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅವರ ಮರಣದ ಬಳಿಕ ಮಗನು ಮಾತಿನ ನಡುವೆ, "ಅಪ್ಪ ಆ ವಾದ್ಯಗೋಷ್ಠಿಯಲ್ಲಿ ಕ್ಲಾರಿನೆಟ್ ನುಡಿಸ್ತಿದ್ದರು ಫಾದರ್, ಒಂದು ಫೋಟೋ ಇತ್ತಂತೆ" ಎಂದಾಗ ನಾನು ತಲೆ ತಗ್ಗಿಸಿದೆ. ಆ ಕಟ್ಟನ್ನು ಬೆಂಕಿಗೆ ಹಾಕಿಸಿದ್ದು ನಾನೇ ಎಂದು ಅವರಿಗೆ ಹೇಳಲು ಅಂದು ಧೈರ್ಯ ಬರಲಿಲ್ಲ.

ಕಟ್ಟಡಗಳು ಹೋದರೆ ಅದರ ಚಿತ್ರವಾದರೂ ಉಳಿದೀತು. 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರಿಗಾಗಿ ಪೇಟೆಯ ಬಳಿ ನಿಲ್ಲಿಸಿದ್ದ ಸ್ಮಾರಕಸ್ತಂಭವನ್ನು 1964ರಲ್ಲಿ ತೆಗೆದುಹಾಕಿದರು. ಸೆನೋಟಾಫ್ ರಸ್ತೆ ಎಂದಿದ್ದುದು ನೃಪತುಂಗ ರಸ್ತೆಯಾಯಿತು. 1936ರಲ್ಲಿ ತೆರೆದ ಪ್ಲಾಜಾ ಚಿತ್ರಮಂದಿರ ಇದ್ದ ಜಾಗದಲ್ಲಿ ಮೆಟ್ರೋ ನಿಲ್ದಾಣ ಎದ್ದಿದೆ. ಫ್ರೇಜರ್ ಟೌನು ಪುಲಕೇಶಿನಗರವಾಯಿತು. ಆಸ್ಟಿನ್ ಟೌನಿಗೆ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಅವರ ಹೆಸರಿಟ್ಟರು, ಒಳ್ಳೆಯದೇ ಆಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರು ಒಂದೆರಡು ತಲೆಮಾರು ಬಾಳುತ್ತದೆ, ಇದರ ಬಗ್ಗೆ ನನಗೆ ಹೆಚ್ಚಿನ ಆತಂಕವಿಲ್ಲ.

ಆತಂಕವಿರುವುದು ಚಿತ್ರವೇ ಇಲ್ಲದ ಹಳ್ಳಿಗಳ ಬಗ್ಗೆ. ದಂಡಿನೊಳಗೆ ಕ್ಯಾಮೆರಾ ಇತ್ತು. ದಂಡಿಗೆ ಹಾಲು ಕೊಟ್ಟ ಊರುಗಳಲ್ಲಿ ಇರಲಿಲ್ಲ. ಇಂದಿರಾನಗರವು 1970ರ ದಶಕದ ಕೊನೆಯ ಭಾಗದಲ್ಲಿ ಬಡಾವಣೆಯಾಗಿ ಬೆಳೆಯುವ ಮೊದಲು ಅಲ್ಲಿ ಬಿನ್ನಮಂಗಲದ ಹೊಲತೋಟಗಳಿದ್ದವು. ನೂರಡಿ ರಸ್ತೆಯ ದೀಪಗಳ ಕೆಳಗೆ ನಡೆಯುವ ಯುವಜನರಿಗೆ ಅದನ್ನು ತೋರಿಸಲು ನಮ್ಮ ಬಳಿ ಎಷ್ಟು ಚಿತ್ರಗಳಿವೆ? ಕೃಷ್ಣರಾಜಪುರದ ಕಡೆಯ ಹಳ್ಳಿಯೊಂದರಲ್ಲಿ ರೋಗಿಯೊಬ್ಬರನ್ನು ನೋಡಲು ಹೋದಾಗ ಗೋಡೆಯ ಮೇಲೆ ಹೂಮಾಲೆ ಹಾಕಿದ್ದ ಹಿರಿಯಜ್ಜಿಯ ಚಿತ್ರವನ್ನು ಕಂಡೆ. ಮುಖ ಗಟ್ಟಿಯಾಗಿ ಬಿಗಿದಿತ್ತು, ಕಣ್ಣು ಬೆದರಿದಂತಿತ್ತು. ಚುನಾವಣೆಯ ಗುರುತಿನ ಚೀಟಿಗೆಂದು 1990ರ ದಶಕದಲ್ಲಿ ತೆಗೆದ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರು. ಜೀವಮಾನದಲ್ಲಿ ಆಕೆ ಕ್ಯಾಮೆರಾದ ಮುಂದೆ ಕುಳಿತದ್ದು ಅದೊಂದೇ ಸಲವಂತೆ. ಹೀಗಿದ್ದರೂ ಆಕೆಯ ಹೆಸರು, ಆಕೆಯ ತವರು, ಆಕೆ ತರಕಾರಿ ಹೊತ್ತು ರಸೆಲ್ ಮಾರುಕಟ್ಟೆಗೆ ನಡೆದುಹೋಗುತ್ತಿದ್ದ ದಾರಿ, ಎಲ್ಲವನ್ನೂ ಸೊಸೆ ತಡವರಿಸದೆ ಹೇಳಿದರು. ಅಲ್ಲಿ ಹೆಸರಿದೆ, ಮುಖ ಸಿಕ್ಕಿದ್ದು ಒಂದೇ. ಹಲಸೂರಿನ ತಾಯಿಯ ಚಿತ್ರದಲ್ಲಿ ಮುಖಗಳಿವೆ, ನಾಲ್ಕು ಹೆಸರು ಇಲ್ಲ.

ಆ ತಾಯಿಯ ವಿಷಯಕ್ಕೆ ಮರಳುತ್ತೇನೆ. ಅವರ ತಾತನ ಜ್ಞಾನಸ್ನಾನದ ದಾಖಲೆಯನ್ನು ಹುಡುಕಲು ನಾವಿಬ್ಬರೂ ಎರಡು ಮಧ್ಯಾಹ್ನ ಕುಳಿತೆವು. ಅವರು ಹೇಳಿದ ವರ್ಷದಲ್ಲಿ ಸಿಗಲಿಲ್ಲ, ಅದರ ಮುಂದಿನ ವರ್ಷದಲ್ಲಿಯೂ ಸಿಗಲಿಲ್ಲ. ಎರಡು ವರ್ಷ ಹಿಂದೆ ಹೋದಾಗ ಸಿಕ್ಕಿತು. ತಾತನ ಕೆಳಗೆ ಕೆಲವು ಸಾಲು ಬಿಟ್ಟು ಅದೇ ವಾರ ಜ್ಞಾನಸ್ನಾನ ಪಡೆದ ಮತ್ತೊಂದು ಮಗುವಿನ ಹೆಸರನ್ನು ನಾನು ಓದುತ್ತಿದ್ದಂತೆ ಅವರು ನನ್ನ ತೋಳು ಹಿಡಿದರು. "ಆ ಹೆಸರು ಇನ್ನೊಂದು ಸಲ ಓದಿ ಸ್ವಾಮಿ." ತಾತನ ಬಾಲ್ಯದ ಗೆಳೆಯ, ಮನೆಯಲ್ಲಿ ಸದಾ ಕೇಳುತ್ತಿದ್ದ ಹೆಸರು, ಅದೇ ಬಂಗಲೆಯಲ್ಲಿ ಅಡಿಗೆಗಿದ್ದವರು. ಹೀಗೆ ಮೂರನೆಯವರೂ ಸಿಕ್ಕಿದರು.

ಈ ಲೇಖನದಲ್ಲಿ ಹೆಸರುಗಳನ್ನು ಹಾಕಲೇ ಎಂದು ಕೇಳಿದೆ. "ಪತ್ರಿಕೆಯಲ್ಲಿ ಬೇಡ, ನಮ್ಮ ಮನೆ ಹೆಸರು ಮನೆಯಲ್ಲಿರಲಿ. ಆ ಫೋಟೋ ಹಿಂದೆ ಬರೆದುಕೊಡಿ ಸಾಕು" ಎಂದರು. ಮಸಿ ಒಳಕ್ಕೆ ಇಳಿದು ಮುಖಕ್ಕೆ ಕಲೆಯಾದೀತೆಂದು ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ, ಕನ್ನಡದಲ್ಲಿ ಬರೆದೆ. ನಾಯಿಯ ಹೆಸರಿನ ಕೆಳಗೆ, 'ಮತ್ತು ಆಳುಗಳು' ಎಂಬುದರ ಪಕ್ಕದಲ್ಲಿ, ಎಡದಿಂದ ಬಲಕ್ಕೆ ಮೂರು ಹೆಸರು. ಮಾಲಿಗೂ ನೀರಿನವನಿಗೂ ಕುದುರೆಯ ಹುಡುಗನಿಗೂ ಸಾಲು ಬಿಟ್ಟಿದ್ದೇವೆ. ಹುಡುಗನಿಗೆ ಹನ್ನೆರಡು ಹದಿಮೂರು ವರ್ಷವಿದ್ದೀತು. ಬರಿಗಾಲು, ಎಡಹುಬ್ಬಿನ ಮೇಲೆ ಒಂದು ಗಾಯದ ಗುರುತು. ಕುದುರೆ ತಲೆ ಕೊಡವಿದ್ದರಿಂದ ಅದರ ಮುಖ ಮಸುಕಾಗಿದೆ. ಹುಡುಗ ಮಾತ್ರ ಅಲುಗದೆ ನಿಂತಿದ್ದಾನೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಹಲಸೂರಿನ ಬಂಗಲೆಯೊಂದರಲ್ಲಿ ಕುದುರೆ ಕಾಯುತ್ತಿದ್ದರೆಂದು ಕೇಳಿದ ನೆನಪಿದ್ದರೆ, ಭಾನುವಾರ ಎರಡನೆಯ ಪೂಜೆಯ ಬಳಿಕ ಆ ತಾಯಿ ಬಲಭಾಗದ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಾರೆ. ಚಿತ್ರ ಅವರ ಕೈಚೀಲದಲ್ಲಿದೆ.